ಮಾಸ್ತರ ಕಾಲು

ಫಕೀರಪ್ಪ ಮಾಸ್ತರನ ಬಲಗಾಲು ಒಂದೇ ಹೊತ್ತಿಗೆ ನಲವತ್ತು ಸಾವಿರ ಕಾರುಗಳಲ್ಲಿ ಇರುತ್ತಿತ್ತು. ಹಾಗಂತ ಮನೆಯಲ್ಲಿ ಅದಕ್ಕೆ ವಿಶೇಷ ಮರ್ಯಾದೆಯೇನೂ ಇರಲಿಲ್ಲ. ಹೆಬ್ಬೆರಳಿಗೆ ಉಗುರುಸುತ್ತಾಗಿ, ಅರಿಶಿನ ಮೆತ್ತಿಸಿಕೊಂಡು, ಹುಬ್ಬಳ್ಳಿಯ ಕೇಶ್ವಾಪುರದ ಅಡುಗೆಮನೆಯಲ್ಲಿ ಕುರ್ಚಿಯ ಕೆಳಗೆ ಅದು ನೆಲವನ್ನು ಒತ್ತುತ್ತ ಕೂತಿತ್ತು. ಮಗಳು ಕಾರು ತೆಗೆದುಕೊಂಡು ಹೊರಗೆ ಹೋದಾಗಲೆಲ್ಲ ಅದು ಹೀಗೆಯೇ ನೆಲ ಒತ್ತುವುದು.

ಫೋನು ಟಣ್ ಎಂದಿತು. ‘ದಿನ ೭೦. ನಿಲುಗಡೆ ೨೬. ಗೋಕುಲ ರಸ್ತೆ.’

“ಇಪ್ಪತ್ತಾರು!” ಎಂದು ಫಕೀರಪ್ಪ ರೊಟ್ಟಿಯನ್ನು ತಟ್ಟೆಗೆ ಒಗೆದ. “ಇನ್ನ ನಾಕ ಉಳಿದಾವು. ಇನ್ನ ಇಪ್ಪತ್ತು ದಿನ ಐತಿ. ಈ ಹುಡುಗಿ ರಸ್ತಾದಾಗ ಏನ್ ನೋಡ್ತಾಳ, ಮುಗಲ ನೋಡ್ತಾಳೇನು?”

“ಮದ್ಲ ರೊಟ್ಟಿ ತಿನ್ನರಿ, ಆರತೈತಿ,” ಎಂದಳು ಹೆಂಡತಿ ಸುಜಾತಾ. ಒಲೆಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಇತ್ತೀಚೆಗೆ ಈ ಮಾತು ಬಂದಾಗಲೆಲ್ಲ ಅವಳು ಒಲೆಯ ಕಡೆಗೇ ಮುಖ ಮಾಡುತ್ತಿದ್ದಳು.

ಅರ್ಧ ಗಂಟೆಯ ಮೇಲೆ ಪ್ರಣತಿ ಬಂದಳು. ಹದಿನೇಳು ತುಂಬಿ ಎಂಟು ತಿಂಗಳಾಗಿತ್ತು. ಎತ್ತರ ಐದಡಿಗೆ ಒಂದಿಂಚು ಕಡಿಮೆ, ಸಿಟ್ಟು ಮಾತ್ರ ಆರಡಿ. ಕೀಲಿಯನ್ನು ಟಿ.ವಿ.ಯ ಪಕ್ಕಕ್ಕೆ ಎಸೆದಳು.

“ಎದುರಿಗೆ ಏನಿತ್ತು?” ಅಪ್ಪ ಕೇಳಿದ.

“ಒಂದ್ ಆಟೋ ಇತ್ತು. ಭಾಳ ದೂರ ಇತ್ತು. ನಾ ಕಾಲು ಎತ್ತಿ ಬ್ರೇಕಿನ ಮ್ಯಾಲ ಇಡೂದ್ರೊಳಗ ನಿನ್ನ ಕಾಲು ಹಾಕಿಬಿಡ್ತು. ಗಾಡಿ ನಡೂ ರಸ್ತಾದಾಗ ನಿಂತು, ಹಿಂದ ಬೈಕಿನಾಂವ ಬಂಪರಿಗೆ ಗುದ್ದಿ, ನನಗ ಬೈದು ಹೋದ.”

“ಅಂದ್ರ ನೀ ತಡಾ ಮಾಡಿದಿ.”

“ನಾ ತಡಾ ಮಾಡಿಲ್ಲಪ್ಪಾ. ಅದು ಅವಸರ ಮಾಡ್ತು.”

“ಕುಣಿಯಾಕ ಬರದವಳಿಗೆ ನೆಲಾ ಡೊಂಕಂತ!”

ಪ್ರಣತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಅದೂ ಮೆಲ್ಲಗೆ. ಧಡ್ ಎಂದು ಹಾಕಿದ್ದರೆ ಫಕೀರಪ್ಪನಿಗೆ ಇನ್ನೆರಡು ಮಾತು ಬೈದು ಹಗುರಾಗುವ ಅವಕಾಶವಿರುತ್ತಿತ್ತು. ಅದೂ ತಪ್ಪಿತು.

ಹೆತ್ತವರ ಸಂಕಟದಿಂದ ಹುಟ್ಟಿದ ಯಂತ್ರ ಅದು. ಹದಿನೇಳು ತುಂಬಿದವರು ಮನೆಯ ಕಾರು ಓಡಿಸಬಹುದೆಂದು ಹೊಸ ಕಾಯ್ದೆ ಬಂದಾಗ ರಾಜ್ಯದ ಅಪ್ಪ ಅಮ್ಮಂದಿರ ಎದೆಗೆ ಕಲ್ಲು ಬಿದ್ದಂತಾಯಿತು. ಮಗ ಕೀಲಿ ಹಿಡಿದು ಹೊರಟರೆ ಇವರು ಗೇಟಿನಲ್ಲಿ ನಿಂತರು, ತಿರುಗಿ ಬರುವತನಕ ಅಲ್ಲೇ ನಿಂತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಾದರೆ ಎಡಗಡೆಯ ಸೀಟಿನಲ್ಲಿ ಕಲಿಸುವವನ ಕಾಲ ಬುಡದಲ್ಲಿ ಎರಡನೆಯ ಬ್ರೇಕು ಒಂದು ಇರುತ್ತದೆ; ಕಲಿಯುವವರು ಎಡವಟ್ಟು ಮಾಡಿದರೆ ಅವನು ಅದನ್ನು ತುಳಿಯುತ್ತಾನೆ. ಆ ಬ್ರೇಕನ್ನೂ ಅದರ ಮೇಲಿನ ಕಾಲನ್ನೂ ಮನೆಮನೆಯ ಕಾರಿಗೆ ಕೊಟ್ಟರೆ ಹೇಗೆ ಎಂದು ಧಾರವಾಡದ ಕುಟುಂಬ ವಾಹನ ಸುರಕ್ಷಾ ಕೇಂದ್ರದವರು ಯೋಚಿಸಿದರು. ಬ್ರೇಕು ಕೊಡುವುದು ಸುಲಭ. ಕಾಲನ್ನು ಎಲ್ಲಿಂದ ತರುವುದು?

ಹುಡುಕುತ್ತ ಫಕೀರಪ್ಪನ ಹತ್ತಿರ ಬಂದರು. ಇಪ್ಪತ್ತನಾಲ್ಕು ವರ್ಷ ಕಲಿಸಿದ್ದ. ಅವನು ಪಕ್ಕದಲ್ಲಿ ಕೂತಿದ್ದಾಗ, ಶುರುವಿನ ಸಣ್ಣಪುಟ್ಟ ಗೀರು ಬಿಟ್ಟರೆ, ಒಂದು ಗಾಡಿಗೂ ಪೆಟ್ಟು ಬಿದ್ದಿರಲಿಲ್ಲ. ಹದಿನಾಲ್ಕು ತಿಂಗಳು ಅವನ ಬ್ರೇಕಿನ ಮೇಲೆ ಒತ್ತಡ ಅಳೆಯುವ ತೆಳ್ಳನೆಯ ಪ್ಲೇಟು ಕೂರಿಸಿದರು, ಕಾರಿನ ಮುಂದೆ ಮೂರು, ಒಳಗೆ ಕಾಲುಗಳ ಹತ್ತಿರ ಒಂದು ಕ್ಯಾಮೆರಾ ಇಟ್ಟರು, ಕಾರಿನಲ್ಲಿ ಮೊದಲೇ ಇದ್ದ ಅಳತೆಯ ತಂತಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ಸೇರಿಸಿದರು. ಆರುನೂರ ನಲವತ್ತು ಜನ ಆ ಕಾರಿನಲ್ಲಿ ಕಲಿತರು. ಯಾವ ಸಂದರ್ಭದಲ್ಲಿ ಮಾಸ್ತರ ಕಾಲು ಇಳಿಯಿತು, ಎಷ್ಟು ಬೇಗ, ಎಷ್ಟು ಜೋರು ಎಂಬುದನ್ನೆಲ್ಲ ಯಂತ್ರ ಓದಿಕೊಂಡಿತು. ಯಾಕೆ ಇಳಿಯಿತು ಎಂದು ಅದು ಕೇಳಲಿಲ್ಲ, ಕೇಳುವುದು ಅದರ ಜಾಯಮಾನವೂ ಅಲ್ಲ. ಹೀಗಿದ್ದಾಗ ಮಾಸ್ತರ ಹೀಗೆ ಮಾಡಿದ, ನಾನೂ ಹಾಗೇ ಮಾಡುತ್ತೇನೆ, ಅಷ್ಟೇ ಅದರ ವಿದ್ಯೆ. ಸರ್ಕಾರದ ಕಾಗದದಲ್ಲಿ ಅದಕ್ಕೆ ‘ಸುರಕ್ಷಾಪಾದ’ ಎಂಬ ಹೆಸರಿತ್ತು. ಜನ ‘ಮಾಸ್ತರ ಕಾಲು’ ಎಂದರು, ಅದೇ ನಿಂತಿತು.

ನಿಯಮ ಸರಳ. ತೊಂಬತ್ತು ದಿನ, ದಿನಕ್ಕೆ ಒಂದು ಗಂಟೆ ಕಡ್ಡಾಯವಾಗಿ ಓಡಿಸಬೇಕು. ಅಷ್ಟರಲ್ಲಿ ಮಾಸ್ತರ ಕಾಲು ಮೂವತ್ತು ಸಲಕ್ಕಿಂತ ಹೆಚ್ಚು ತುಳಿಯದಿದ್ದರೆ ಮುಕ್ತ ಪರವಾನಗಿ. ಮೂವತ್ತು ದಾಟಿದರೆ ಇಪ್ಪತ್ತೊಂದು ವರ್ಷ ತುಂಬುವತನಕ ಸ್ಟೇರಿಂಗ್ ಮುಟ್ಟುವಂತಿಲ್ಲ. ಪ್ರಣತಿಗೆ ಮಣ್ಣು ಪರೀಕ್ಷೆಯ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತ್ತು. ಪ್ರಯೋಗಶಾಲೆಯ ವ್ಯಾನನ್ನು ವಿದ್ಯಾರ್ಥಿಗಳೇ ಹಳ್ಳಿಹಳ್ಳಿಗೆ ಓಡಿಸಿಕೊಂಡು ಹೋಗಬೇಕಾದ್ದರಿಂದ ಜುಲೈ ಹತ್ತರ ಒಳಗೆ ಮುಕ್ತ ಪರವಾನಗಿ ತೋರಿಸಬೇಕಿತ್ತು. ತೋರಿಸದಿದ್ದರೆ ಸೀಟು ಇನ್ನೊಬ್ಬರಿಗೆ.

ಊರಿಗೆಲ್ಲ ಡ್ರೈವಿಂಗ್ ಕಲಿಸಿದವನ ಮಗಳು, ಅಪ್ಪನದೇ ಕಾಲಿನ ಕೈಯಲ್ಲಿ ನಪಾಸಾಗುವುದೆಂದರೆ! ಫಕೀರಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ಅದೇ ವಾರ ಎದುರು ಮನೆಯ ವಕೀಲರ ಮಗ ಸಮರ್ಥ ಪಾಸಾಗಿ ಪೇಡೆ ಕೊಡಲು ಬಂದ. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುವ, ರಸ್ತೆಯ ಉಬ್ಬಿನ ಮೇಲೆ ಕಾರು ಹಾರಿಸುವ ಉದ್ದನೆಯ ಹುಡುಗ.

“ಎಷ್ಟು ನಿಲುಗಡೆ ಆದುವಪಾ?”

“ನಾಕ ಅಂಕಲ್.”

ಫಕೀರಪ್ಪ ಅರ್ಧ ಕಚ್ಚಿದ ಪೇಡೆಯನ್ನು ತಿರುಗಿ ತಟ್ಟೆಗೆ ಇಟ್ಟ.

ಸಂಜೆ ತಾನೇ ಕಾರು ತೆಗೆದ. ಕೂತವನೇ ಅಭ್ಯಾಸದಂತೆ ಸೀಟನ್ನು ಕಟಕಟನೆ ಹಿಂದಕ್ಕೆ ತಳ್ಳಿ, ಕಾಲು ಚಾಚಿ, ಯಂತ್ರವನ್ನು ಕಲಿಯುವವರ ಲೆಕ್ಕಕ್ಕೆ ಹಾಕಿ ಒಂದು ಗಂಟೆ ಊರು ಸುತ್ತಿದ. ಬೇಕೆಂದೇ ತಡವಾಗಿ ಬ್ರೇಕು ಹಾಕಿದ, ಬೇಕೆಂದೇ ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋದ. ಕಾಲು ಮಿಸುಕಲಿಲ್ಲ. ಯಂತ್ರ ಸುಮ್ಮಸುಮ್ಮನೆ ತುಳಿಯುವುದಿಲ್ಲ, ದೋಷ ಹುಡುಗಿಯದೇ ಎಂದು ತೀರ್ಮಾನಿಸಿ ಮನೆಗೆ ಬಂದ. ತೀರ್ಮಾನದಿಂದ ಸಮಾಧಾನವೇನೂ ಆಗಲಿಲ್ಲ.

ಮರುದಿನ ನಿಲುಗಡೆ ಇಪ್ಪತ್ತೇಳಾಯಿತು. ಫಕೀರಪ್ಪ ಬಸ್ಸು ಹತ್ತಿ ಧಾರವಾಡಕ್ಕೆ ಹೋದ.

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಷ್ಟಗಲ ರಾಜ್ಯದ ನಕ್ಷೆ ಬೆಳಗುತ್ತಿತ್ತು. ಎಲ್ಲೋ ಒಂದು ಕಡೆ ಕಾಲು ಬ್ರೇಕು ತುಳಿದರೆ ಅಲ್ಲಿ ಕೆಂಪು ಚುಕ್ಕೆಯೊಂದು ಮಿನುಗಿ ಆರುವುದು. ಎಂಜಿನಿಯರ್ ಜಾನೆಟ್ ಲೋಬೋ ಮಂಗಳೂರಿನ ಕಡೆಯವರು, ನಲವತ್ತರ ಆಸುಪಾಸಿನವರು. ರೆಕಾರ್ಡಿಂಗ್ ಮಾಡಿದ ಹದಿನಾಲ್ಕು ತಿಂಗಳೂ ಫಕೀರಪ್ಪನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದವರು.

“ಬನ್ನಿ ಮಾಸ್ತರ್ರೆ. ನಿಮ್ಮ ಕಾಲು ಈಗ ಮೂರು ಸಾವಿರ ಕಡೆ ಕೆಲಸ ಮಾಡ್ತಾ ಉಂಟು.”

“ಅದನ್ನ ಒಂದ್ ಕಡೆ ಬಂದ್ ಮಾಡ್ರಿ,” ಎಂದ ಫಕೀರಪ್ಪ. “ನನ್ನ ಮಗಳ ಗಾಡ್ಯಾಗ. ಇಲ್ಲಾ ಮೂರ್ನಾಕ ನಿಲುಗಡೆ ಆದ್ರೂ ಅಳಿಸ್ರಿ.”

“ನನ್ನ ಕೈಯಲ್ಲಿಲ್ಲ ಮಾಸ್ತರ್ರೆ, ಲೆಕ್ಕ ನೇರ ಸಾರಿಗೆ ಇಲಾಖೆಗೆ ಹೋಗ್ತದೆ.” ಜಾನೆಟ್ ಒಂದು ಕುರ್ಚಿ ಎಳೆದು ಕೊಟ್ಟರು. “ನಿಮ್ಮ ಮಗಳು ಒಬ್ಬಳೇ ಅಲ್ಲ. ಹುಡುಗಿಯರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಮೂವತ್ತು ದಾಟ್ತಾರೆ. ಹುಡುಗರಲ್ಲಿ ಬರೀ ಹದಿನೆಂಟು. ಸರ್ಕಾರದ ಸಮಿತಿಯವರು ವರದಿ ಬರೀತಾ ಇದ್ದಾರೆ, ಹುಡುಗಿಯರಿಗೆ ತೊಂಬತ್ತರ ಬದಲು ನೂರ ಎಂಬತ್ತು ದಿನ ಇಡಬೇಕು ಅಂತ. ನನಗೆ ಯಾಕೋ ಸರಿ ಕಾಣೋದಿಲ್ಲ. ಆದರೆ ಕಾರಣ ಹೇಳಿ ಅಂದರೆ ನನ್ನ ಹತ್ತಿರ ಇಲ್ಲ. ನಿಮಗೆ ಏನನ್ನಿಸ್ತದೆ?”

ಫಕೀರಪ್ಪನಿಗೆ ಮಗಳ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಹೆದರಿಕಿರಿ,” ಎಂದ. “ಹುಡುಗ್ಯಾರಿಗೆ ಹೆದರಿಕಿ ಜಾಸ್ತಿ. ಇಪ್ಪತ್ನಾಕ ವರ್ಷ ಕಲಿಸೀನಿ, ನನಗ ಗೊತ್ತಿಲ್ಲೇನು?”

ಪಕ್ಕದಲ್ಲಿ ಕೂತಿದ್ದ ಸಮಿತಿಯ ಕಾರ್ಯದರ್ಶಿ ತಕ್ಷಣ ಆ ಮಾತನ್ನು ಬರೆದುಕೊಂಡ. ಅನುಭವಿ ಶಿಕ್ಷಕರ ಅಭಿಪ್ರಾಯ, ವರದಿಗೆ ಒಳ್ಳೆಯದಾಯಿತು ಎಂದು ಥ್ಯಾಂಕ್ಸೂ ಹೇಳಿದ. ಫಕೀರಪ್ಪ ಮಗಳಿಗೆ ನ್ಯಾಯ ಕೇಳಲು ಹೋದವನು ಅವಳ ವಿರುದ್ಧ ಸಾಕ್ಷಿ ಹೇಳಿ ಬಸ್ಸು ಹತ್ತಿದ.

ಮನೆಯಲ್ಲಿ ಸುಜಾತಾ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಳು. ಪ್ರಣತಿ ಬಾಗಿಲಲ್ಲಿ ಒರಗಿ ನಿಂತಿದ್ದಳು.

“ಹೆದರಿಕಿ ಅಂದ್ರೇನು?” ಎಂದಳು ಸುಜಾತಾ.

“ಮತ್ತೇನ್ ಅನ್ಲಿ?”

“ನನಗೂ ಅದ ಅಂದಿದ್ರಿ. ಹದಿನೆಂಟು ವರ್ಷದ ಹಿಂದ.” ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. “ಹನ್ನೊಂದು ದಿನ ಕಲಿಸಿದ್ರಿ. ನಾ ಬ್ರೇಕ್ ತುಳೀಬೇಕು ಅನ್ನೂದ್ರಾಗ ಗಾಡಿ ನಿಂತಬಿಟ್ಟಿರ್ತಿತ್ತು. ಒಂದ್ ಸಲಾನೂ ನನ್ನ ಕಾಲಿಗೆ ಪಾಳಿ ಬರಲಿಲ್ಲ. ಹನ್ನೆರಡನೇ ದಿನ ನನಗ ಅನಸ್ತು, ಓಡಸಾಕತ್ತಿದ್ದು ಇವರು, ನಾ ಬರೇ ಚಕ್ರ ಹಿಡಕೊಂಡು ಕುಂತೀನಿ ಅಂತ. ಬಿಟ್ಟಬಿಟ್ಟೆ. ಆ ಕಾಲು ನನಗ ಛಲೋ ಗೊತ್ತು.”

“ಯಾಕ ಹೇಳಲಿಲ್ಲ ಮತ್ತ?”

“ಯಾವಾಗರ ಕೇಳಿದ್ರೇನು?”

ಫಕೀರಪ್ಪನಿಗೆ ಇನ್ನಷ್ಟು ಸಿಟ್ಟು ಬಂತು. ಇಪ್ಪತ್ತನಾಲ್ಕು ವರ್ಷದ ಹೆಸರು, ನಲವತ್ತು ಸಾವಿರ ಕಾರು, ಎಲ್ಲ ಈ ಬೇಳೆಯ ಮೊರದ ಮುಂದೆ ಏನೂ ಅಲ್ಲವೆಂಬಂತೆ ಮಾತಾಡುತ್ತಾಳಲ್ಲ! ಎದ್ದು ಅಂಗಳಕ್ಕೆ ಹೋಗಿ ಸುಮ್ಮನೆ ಕಾರಿನ ಟೈರು ಒದ್ದ. ಉಗುರುಸುತ್ತಿನ ಹೆಬ್ಬೆರಳು ಎನ್ನುವುದು ನೆನಪಾಗುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಪ್ರಣತಿ ಎರಡು ತಲೆದಿಂಬು ಕಂಕುಳಲ್ಲಿ ಹಿಡಿದು ಬಂದಳು.

“ಅಪ್ಪಾ, ನನ್ ಜೋಡಿ ಬಾ. ಉಣಕಲ್ ಕೆರಿ ತನಕ ಎರಡ್ ಸುತ್ತು. ಮಾತಾಡಬ್ಯಾಡ, ಬರೇ ನೋಡು.”

ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದಳು. ಬೆನ್ನಿಗೆ ಎರಡೂ ದಿಂಬು ತುರುಕಿಕೊಂಡು ತುದಿಯಲ್ಲಿ ಕೂತಳು. ಕಾಲು ಬ್ರೇಕಿಗೆ ಹೆಬ್ಬೆರಳ ಮಟ್ಟಿಗೆ ಮುಟ್ಟುತ್ತಿತ್ತು.

“ಏ ಹುಚ್ಚಿ, ಹಿಂಗ ಕುಂತು ಓಡಿಸ್ತಾರೇನು? ಕಾಲು ಸರಿ ಮುಟ್ಟೂದಿಲ್ಲ!”

“ಮಾತಾಡಬ್ಯಾಡ ಅಂದ್ನೆಲ್ಲ.”

ಹೊಸೂರು ಸರ್ಕಲ್, ವಿದ್ಯಾನಗರ, ಉಣಕಲ್. ಆಟೋ ಬಂತು, ಹಸು ಬಂತು, ರಾಂಗ್ ಸೈಡಿನಲ್ಲಿ ಬೈಕು ಬಂತು. ಪ್ರಣತಿ ತಾನೇ ಬ್ರೇಕು ಹಾಕಿದಳು, ತಾನೇ ಬಿಟ್ಟಳು. ಎಡಗಡೆಯ ಸೀಟಿನಲ್ಲಿ ಫಕೀರಪ್ಪನ ಸ್ವಂತ ಕಾಲು ಮ್ಯಾಟಿನ ಮೇಲೆ ಒಂಬತ್ತು ಸಲ ಒತ್ತಿತು. ಯಂತ್ರದ ಕಾಲು ಒಮ್ಮೆಯೂ ಒತ್ತಲಿಲ್ಲ.

ಮನೆಯ ಮುಂದೆ ಕಾರು ನಿಲ್ಲಿಸಿ ಅವಳು ಹೇಳಿದಳು: “ಮೊನ್ನೆ ನೀ ಓಡಿಸಿ ಸೀಟ್ ಹಿಂದ ಬಿಟ್ಟಿದ್ದಿ. ನಾ ನೋಡದ ಹಂಗ ಹೋದೆ. ಅರ್ಧ ದಾರಿ ಗಾಡಿ ಗಪ್‌ಚಿಪ್ ಇತ್ತು. ಕಾಲು ಮುಟ್ಟವಲ್ದು ಅಂತ ಸೀಟ್ ಮುಂದ ಎಳಕೊಂಡೆ. ಎರಡ್ ನಿಮಿಷಕ್ಕ ಇಪ್ಪತ್ತೇಳನೇದು ಬಿತ್ತು.”

“ಅದು ಹಂಗ ಆಗಿರ್ತೈತಿ. ಯೋಗಾಯೋಗ.”

“ಹೌದಾ?” ಪ್ರಣತಿ ದಿಂಬುಗಳನ್ನು ಹಿಂದಕ್ಕೆಸೆದು ಸೀಟನ್ನು ಮುಂದಕ್ಕೆಳೆದಳು.

ಅವಳು ಏನು ಮಾಡಲಿದ್ದಾಳೆಂದು ಫಕೀರಪ್ಪನಿಗೆ ಆಗ ಅರ್ಥವಾಯಿತು. “ಬ್ಯಾಡ ಪ್ರಣತಿ! ಮೂರ ಉಳಿದಾವು. ಇದ್ದದ್ದೂ ಹೋಗ್ತಾವು.”

“ಹೋಗ್ಲಿ. ಇಲ್ಲಾಂದ್ರ ನೀ ನಂಬೂದಿಲ್ಲ.”

ಅದೇ ರಸ್ತೆ, ಅದೇ ಹುಡುಗಿ. ವಿದ್ಯಾನಗರದ ಸಿಗ್ನಲ್ಲಿಗೆ ಇನ್ನೂ ಮೂವತ್ತು ಮಾರು ಇರುವಾಗಲೇ ಕಾರು ಮುಗ್ಗರಿಸಿ ನಿಂತಿತು. ಇಪ್ಪತ್ತೆಂಟು. ಕೆರೆಯ ತಿರುವಿನಲ್ಲಿ ಕಬ್ಬಿನ ಹಾಲಿನ ಗಾಡಿಯವನು ತನ್ನ ಪಾಡಿಗೆ ತಾನು ರಸ್ತೆಯ ಅಂಚಿನಲ್ಲಿ ನಿಂತಿದ್ದ. ಮತ್ತೆ ಮುಗ್ಗರಿಸಿತು. ಇಪ್ಪತ್ತೊಂಬತ್ತು. ಫಕೀರಪ್ಪನ ಫೋನು ಟಣ್ ಎಂದಾಗ ಪ್ರಣತಿ ಅವನ ಕಡೆ ತಿರುಗಿದಳು.

“ದಿಂಬು ಇಟ್ರ ನನಗ ಓಡಸಾಕ ಬರತೈತಿ, ತಗದ್ರ ಬರೂದಿಲ್ಲ. ಹೌದಲ್ಲ ಮಾಸ್ತರ?” ಎಂದಳು. ಅಪ್ಪ ಎನ್ನಲಿಲ್ಲ.

ಉಳಿದ ಮೂರು ನಿಲುಗಡೆಗಳಲ್ಲಿ ಎರಡನ್ನು ಮಗಳು ದುಡ್ಡಿನಂತೆ ಖರ್ಚು ಮಾಡಿದ್ದಳು, ಅಪ್ಪನ ಒಂದು ನಂಬಿಕೆಗಾಗಿ. ಫಕೀರಪ್ಪನಿಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಜಾನೆಟ್‌ಗೆ ಫೋನು ಮಾಡಿ ಸೀಟಿನ ಸಂಗತಿ ಹೇಳಿದ.

ಸೋಮವಾರ ಅಪ್ಪ ಮಗಳು ಇಬ್ಬರೂ ಕೇಂದ್ರದಲ್ಲಿದ್ದರು. ಜಾನೆಟ್ ಆರುನೂರ ನಲವತ್ತು ಜನರ ದಾಖಲೆಯನ್ನು ಸೀಟಿನ ಅಳತೆಯ ಪ್ರಕಾರ ಜೋಡಿಸಿ ಇಟ್ಟಿದ್ದರು. ಅಪಘಾತವಾದಾಗ ಉಬ್ಬುವ ಗಾಳಿಚೀಲಕ್ಕೆ ಕೂತವರು ಎಷ್ಟು ದೂರದಲ್ಲಿದ್ದಾರೆಂದು ತಿಳಿಯಬೇಕು; ಅದಕ್ಕಾಗಿ ಸೀಟಿನಲ್ಲಿ ಒಂದು ಅಳತೆ ಇರುತ್ತದೆ. ಪೆಟ್ಟಿಗೆಗೆ ಎಲ್ಲ ತಂತಿ ಸೇರಿಸುವಾಗ ಅದೂ ಸೇರಿಹೋಗಿತ್ತು. ಬೇಡ ಎಂದು ಯಾರಿಗೂ ಹೊಳೆದಿರಲಿಲ್ಲ.

“ಯಂತ್ರಕ್ಕೆ ಹುಡುಗಿ ಅಂದರೆ ಏನು ಅಂತ ಗೊತ್ತಿಲ್ಲ,” ಎಂದರು ಜಾನೆಟ್. “ಸೀಟು ನಾಲ್ಕು ಬೆರಳು ಮುಂದೆ ಇದ್ದರೆ ಬೇಗ ತುಳಿಬೇಕು, ಅಷ್ಟು ಗೊತ್ತುಂಟು. ನಪಾಸಾದ ಹದಿನೆಂಟು ಪರ್ಸೆಂಟ್ ಹುಡುಗರನ್ನು ನೋಡಿದೆ. ಮುಕ್ಕಾಲು ಪಾಲು ಗಿಡ್ಡ ಹುಡುಗರು.”

“ಅದನ್ನ ಯಂತ್ರಕ್ಕ ಯಾರ್ ಕಲಿಸಿದ್ರು?” ಎಂದ ಫಕೀರಪ್ಪ. ಉತ್ತರ ಗೊತ್ತಿದ್ದೂ ಕೇಳಿದ.

ಜಾನೆಟ್ ಪರದೆಯ ಮೇಲೆ ಎರಡು ಚಿತ್ರ ಓಡಿಸಿದರು. ಎರಡರಲ್ಲೂ ಅದೇ ರಸ್ತೆ, ಅಷ್ಟೇ ದೂರದಲ್ಲಿ ಒಂದು ಟ್ರ್ಯಾಕ್ಟರು, ಕಾರಿನ ವೇಗವೂ ಅಷ್ಟೇ. ಕೆಳಗಿನ ಮೂಲೆಯಲ್ಲಿ ಬೂಟಿನಿಂದ ಮೇಲೆ ಬೂದು ಬಣ್ಣದ ಸಾಕ್ಸು ಕಾಣುವ ಒಂದು ಕಾಲು. ಎಡಗಡೆಯ ಚಿತ್ರದಲ್ಲಿ ಓಡಿಸುತ್ತಿದ್ದವನು ಒಬ್ಬ ಹುಡುಗ. ಕಾಲು ಪ್ಲೇಟಿನ ಮೇಲೆ ತೇಲುತ್ತ ಕಾಯುತ್ತಿತ್ತು, ಹುಡುಗನೇ ಬ್ರೇಕು ಹಾಕಿದ ಮೇಲೆ ಹಿಂದೆ ಸರಿಯಿತು. ಬಲಗಡೆಯ ಚಿತ್ರದಲ್ಲಿ ಹುಡುಗಿ. ಅವಳ ಕಾಲು ಬ್ರೇಕಿನ ಕಡೆಗೆ ಹೊರಟಿತ್ತು. ಅಷ್ಟರಲ್ಲಿ ಬೂದು ಸಾಕ್ಸು ಇಳಿದುಬಿಟ್ಟಿತ್ತು.

“ಮುಕ್ಕಾಲು ಸೆಕೆಂಡು ಮೊದಲು,” ಎಂದರು ಜಾನೆಟ್. “ಇದೊಂದೇ ಅಲ್ಲ, ಸರಾಸರಿ ಹಾಗೇ ಉಂಟು.”

ಫಕೀರಪ್ಪ ಮತ್ತೊಮ್ಮೆ ಹಾಕಿಸಿದ, ಮತ್ತೂ ಒಮ್ಮೆ ಹಾಕಿಸಿದ. ಅವನಿಗೆ ಅದು ತನ್ನ ಕಾಲಲ್ಲವೆಂದು ಕೂಗಬೇಕೆನಿಸಿತು. ಸಾಕ್ಸಿನ ಅಂಚಿನ ಹೊಲಿಗೆ ಸುಜಾತಾಳ ಕೈಯದು, ಗುರುತು ತಪ್ಪುವಂತಿರಲಿಲ್ಲ.

“ಹುಡುಗ ಗಾಡಿ ಗ್ವಾಡಿಗೆ ತಿಕ್ಕಿದ್ರ,” ಎಂದು ಕೊನೆಗೆ ಬಾಯಿಬಿಟ್ಟ, “ಅವರಪ್ಪ ‘ಕಲೀತಾನ ಬಿಡ್ರಿ’ ಅಂತಾನ. ಮರುದಿನ ಹುಡುಗ ಬರ್ತಾನ. ಹುಡುಗಿ ತಿಕ್ಕಿದ್ರ ಮರುದಿನ ಆಕಿ ಬರೂದಿಲ್ಲ. ಮನಿಯಿಂದ ಫೋನ್ ಬರತೈತಿ, ‘ಸಾಕ್ರಿ ಮಾಸ್ತರ, ನಾಳೆ ಗಂಡ ಓಡಸ್ತಾನ’ ಅಂತ. ಶುರೂದಾಗ ಹಂಗ ನಾಕೈದು ಮಂದಿ ಹೋದ್ರು. ಆಕಿಗೆ ತಿಕ್ಕಾಕ ಬಿಡಬಾರ್ದು ಅಂತ... ಛಲೋದಕ್ಕಂತನ ಹಾಕಿದ್ನಿರಿ ಮೇಡಂ.”

“ಇರಬಹುದು. ಆದರೆ ಪ್ರೀತಿಯಿಂದ ತುಳಿದದ್ದಾ, ಅಪನಂಬಿಕೆಯಿಂದ ತುಳಿದದ್ದಾ ಅಂತ ಪ್ಲೇಟಿಗೆ ಗೊತ್ತಾಗೋದಿಲ್ಲ ಮಾಸ್ತರ್ರೆ. ಎಷ್ಟು ಕಿಲೋ ಅಂತ ಮಾತ್ರ ಗೊತ್ತಾಗೋದು.”

“ನನಗೂ ಗೊತ್ತಾಗಲಿಲ್ಲ,” ಎಂದಳು ಪ್ರಣತಿ.

ಸೀಟಿನ ಅಳತೆಯನ್ನು ಕಿತ್ತುಹಾಕಿದರೆ ಮುಗಿಯಿತಲ್ಲ ಎಂದು ಫಕೀರಪ್ಪ ಕೇಳಿದ. ಮುಗಿಯುವುದಿಲ್ಲವೆಂದರು ಜಾನೆಟ್. ಸೀಟು ತೆಗೆದರೆ ಯಂತ್ರ ಸ್ಟೇರಿಂಗಿನ ಮೇಲಿನ ಕೈಯ ಅಗಲ ಹಿಡಿಯುತ್ತದೆ, ಅದನ್ನೂ ತೆಗೆದರೆ ಇನ್ನೇನನ್ನೋ ಹಿಡಿಯುತ್ತದೆ. ದೋಷ ತಂತಿಯಲ್ಲಿಲ್ಲ, ಕಾಲಿನಲ್ಲಿದೆ. ಕಾಲನ್ನೇ ಹೊಸದಾಗಿ ಬರೆದುಕೊಳ್ಳಬೇಕು. ಅದಕ್ಕೆ ಸೀಟು ಮುಂದೆ ಎಳೆದು ಓಡಿಸುವವರು ಬೇಕು, ತಲಾ ನಲವತ್ತು ಗಂಟೆ ಬೇಕು, ಪಕ್ಕದಲ್ಲಿ ಅದೇ ಮಾಸ್ತರ ಬೇಕು.

“ಮತ್ತ ಇಕೀದು?” ಎಂದ ಫಕೀರಪ್ಪ. “ಜುಲೈ ಹತ್ತು?”

ಹಳೆಯ ಕಾಯ್ದೆಯಲ್ಲಿ ಒಂದು ಕಲಮು ಇನ್ನೂ ಜೀವಂತವಿತ್ತು. ಯಂತ್ರವಿಲ್ಲದ ಕಾರಿನಲ್ಲಿ, ನೋಂದಾಯಿತ ಶಿಕ್ಷಕನ ಪಕ್ಕದಲ್ಲಿ ನಲವತ್ತು ಗಂಟೆ ಓಡಿಸಿ, ಶಿಕ್ಷಕ ಮೂವತ್ತು ಸಲಕ್ಕಿಂತ ಹೆಚ್ಚು ತುಳಿಯದಿದ್ದರೆ ಅವನ ಸಹಿಯೇ ಸಾಕು. ಯಂತ್ರ ಬಂದ ಮೇಲೆ ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ. ಎರಡೂ ಕೆಲಸ ಒಂದೇ ಕಾರಿನಲ್ಲಿ ಆಗಬಹುದು. ಸಹಿ ಮಾಡುವವನು ಮನೆಯವನೇ ಆದರೂ ಅಡ್ಡಿಯಿಲ್ಲ, ಪ್ಲೇಟಿನ ಲೆಕ್ಕವೇ ಸಾಕ್ಷಿ.

“ಅಂದ್ರ ಈಗ ನನ್ನ ಪಾಸು ನಪಾಸು ಖರೇ ಕಾಲಿನ ಮ್ಯಾಲ,” ಎಂದಳು ಪ್ರಣತಿ. ಅವಳಿಗೆ ಅದು ಹೆಚ್ಚಿನ ಸಮಾಧಾನವೇನೂ ಕೊಟ್ಟಂತೆ ಕಾಣಲಿಲ್ಲ.

ಹೊರಡುವಾಗ ಫಕೀರಪ್ಪ ಬಾಗಿಲಲ್ಲಿ ನಿಂತ. “ವರದಿಯೊಳಗ ನಂದೊಂದು ಮಾತು ಐತಲ್ರೀ, ಹೆದರಿಕಿದ್ದು. ಅದನ್ನ ಹೊಡದ ಹಾಕಸ್ರಿ.”

“ಬೆಳಿಗ್ಗೆಯೇ ಹೊಡೆಸಿದೆ,” ಎಂದರು ಜಾನೆಟ್.

ಅನುಮತಿಯ ಕಾಗದ ಬರುವಷ್ಟರಲ್ಲಿ ಹತ್ತೇ ದಿನ ಉಳಿದಿದ್ದವು. ದಿನಕ್ಕೆ ನಾಲ್ಕು ಗಂಟೆ. ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟಿನಲ್ಲಿ ಜಾನೆಟ್ ಲ್ಯಾಪ್‌ಟಾಪ್ ಹಿಡಿದು ಕೂತರು. ಅವರ ಪಕ್ಕದಲ್ಲಿ ಬುತ್ತಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸುಜಾತಾ ಕೂತಳು. ಅವಳನ್ನು ಯಾರೂ ಕರೆದಿರಲಿಲ್ಲ, ಬೇಡವೆನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಫಕೀರಪ್ಪ ರಾತ್ರಿಯಿಡೀ ಶಪಥ ಮಾಡಿಕೊಂಡು ಬಂದಿದ್ದ. ಶಪಥ ಮಾಡಿದ್ದು ತಲೆ, ಪ್ಲೇಟಿನ ಮೇಲಿದ್ದದ್ದು ಕಾಲು. ಹೊಸೂರು ಸರ್ಕಲ್ಲಿನಲ್ಲಿ ಒಂದು ಬಸ್ಸು ಮೂತಿ ಹಾಕಿತು, ಕಾಲು ಇಳಿಯಿತು. ವಿದ್ಯಾನಗರದಲ್ಲಿ ಇಳಿಯಿತು. ಭೈರಿದೇವರಕೊಪ್ಪದಲ್ಲಿ ಎರಡು ಸಲ ಇಳಿಯಿತು. ಒಂದೊಂದು ಸಲವೂ ಅವನು ‘ಇದು ಕಡೀದು’ ಎಂದು ಹಲ್ಲು ಕಚ್ಚಿದ, ಒಂದೊಂದು ಸಲವೂ ಮಗಳ ಕಾಲು ಅರ್ಧ ದಾರಿಯಲ್ಲಿರುವಾಗ ಇವನದು ಮುಟ್ಟಿರುತ್ತಿತ್ತು. ಮೊದಲ ಗಂಟೆ ಮುಗಿದಾಗ ಜಾನೆಟ್ ಹಿಂದಿನಿಂದ ಸಣ್ಣ ದನಿಯಲ್ಲಿ ಹೇಳಿದರು: “ಹನ್ನೊಂದು. ಹಳೆಯದೇ ಬರ್ತಾ ಉಂಟು ಮಾಸ್ತರ್ರೆ.”

ನವನಗರದ ಹತ್ತಿರ ಪ್ರಣತಿ ಕಾರನ್ನು ಬದಿಗೆ ಹಾಕಿ ನಿಲ್ಲಿಸಿದಳು.

“ಅಪ್ಪಾ, ಈ ಲೆಕ್ಕದಾಗ ಹೋದ್ರ ಇವತ್ತ ನಾ ನಪಾಸ. ಯಂತ್ರ ಆದ್ರೂ ತೊಂಬತ್ತು ದಿನ ತಗೊಂತಿತ್ತು.” ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ದಣಿವಿತ್ತು. “ನಿನಗ ನಾ ಸಾಯ್ತೀನಿ ಅಂತ ಹೆದರಿಕಿ. ಗೊತ್ತೈತಿ ನನಗ. ಆದ್ರ ನಾ ಯಾವಾಗ ಬ್ರೇಕ್ ಹಾಕ್ತೀನಿ ಅನ್ನೂದನ್ನ ನೀ ಒಂದ್ ಸಲಾನೂ ನೋಡಿಲ್ಲ. ನೋಡೂದಕ್ಕಿಂತ ಮದ್ಲ ನಿಲ್ಲಸ್ತಿ.”

ಹಿಂದಿನ ಸೀಟಿನಲ್ಲಿ ಡಬ್ಬಿಯ ಮುಚ್ಚಳ ಸುಮ್ಮನೆ ಒಮ್ಮೆ ಸದ್ದು ಮಾಡಿತು.

ಫಕೀರಪ್ಪ ಬಗ್ಗಿ ಬೂಟಿನ ದಾರ ಬಿಚ್ಚಿದ. ಎರಡೂ ಬೂಟು ಕಳಚಿ ಬದಿಗಿಟ್ಟ. ಆಮೇಲೆ ಎರಡೂ ಕಾಲೆತ್ತಿ ಸೀಟಿನ ಮೇಲೆ ಮಡಚಿಕೊಂಡು, ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತ. ಸೀಟುಬೆಲ್ಟು ಹೊಟ್ಟೆಗೆ ಬಿಗಿಯಿತು.

“ಮಾಸ್ತರ್ರೆ, ಇದೇನು? ಪ್ಲೇಟಿನ ಮೇಲೆ ಕಾಲೇ ಇಲ್ಲ!” ಎಂದರು ಜಾನೆಟ್.

“ಇಲ್ಲಾ ಅಂತನ ಬರಕೋರಿ,” ಎಂದ ಫಕೀರಪ್ಪ. “ನಡಿಯವ್ವಾ.”

ಅಮರಗೋಳದ ಎಪಿಎಂಸಿ ಗೇಟಿನಿಂದ ಉಳ್ಳಾಗಡ್ಡಿ ತುಂಬಿದ ಲಾರಿಯೊಂದು, ಇಡೀ ರಸ್ತೆ ತನ್ನಪ್ಪನದೆಂಬಂತೆ, ಸಿಗ್ನಲ್ಲಿಲ್ಲದೆ ಹೊರಗೆ ನುಗ್ಗಿತು. ಫಕೀರಪ್ಪನ ಬಲಗಾಲು ತೊಡೆಯ ಕೆಳಗಿನಿಂದ ಹಾವಿನ ಹಾಗೆ ಹೊರಡಲು ನೋಡಿತು. ಅವನು ಎರಡೂ ಕೈಯಿಂದ ಅದರ ಹೆಬ್ಬೆರಳನ್ನು, ಆ ಉಗುರುಸುತ್ತಿನ ಹೆಬ್ಬೆರಳನ್ನೇ, ಗಟ್ಟಿಯಾಗಿ ಹಿಡಿದುಕೊಂಡ. ನೋವು ಚುಳ್ ಎಂದು ತೊಡೆಯವರೆಗೂ ಹೋಯಿತು. ಕಣ್ಣು ಮುಚ್ಚಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಓಡುವ ಗಾಡಿಯಲ್ಲಿ ಅವನು ಕಣ್ಣು ಮುಚ್ಚಿದ್ದು ಅದೇ ಮೊದಲು. ಎಣಿಸುವಷ್ಟು ಹೊತ್ತೂ ಅಲ್ಲ, ಮುಕ್ಕಾಲು ಸೆಕೆಂಡು ಇದ್ದೀತು. 

ಕಾರು ನಿಂತಿತ್ತು. ಮುಗ್ಗರಿಸದೆ, ಮೆತ್ತಗೆ ನಿಂತಿತ್ತು.

“ಅಪ್ಪಾ, ಕಣ್ ತೆಗಿ,” ಎಂದಳು ಪ್ರಣತಿ. “ನಾ ನಿಂದ್ರಿಸಿದ್ದನ್ನ ನೋಡು.”

ಲಾರಿಯ ಹಿಂಬದಿ ಹತ್ತು ಮಾರು ದೂರದಲ್ಲಿ ಅಲುಗಾಡುತ್ತ ಹೋಗುತ್ತಿತ್ತು. ಒಂದು ಉಳ್ಳಾಗಡ್ಡಿ ಉರುಳಿಕೊಂಡು ಬಂದು ಕಾರಿನ ಮುಂದೆ ನಿಂತಿತು. ಫಕೀರಪ್ಪ ಆ ಹತ್ತು ಮಾರನ್ನು ಬಹಳ ಹೊತ್ತು ನೋಡಿದ. ತಾನು ತುಳಿದಿದ್ದರೆ ಹದಿನೈದು ಇರುತ್ತಿತ್ತು. ಹತ್ತೂ ಸಾಕಾಗಿತ್ತು.

ಮೂರನೆಯ ದಿನಕ್ಕೆ ಅವನು ಕಾಲು ಕೆಳಗಿಳಿಸಿ ಪ್ಲೇಟಿನ ಪಕ್ಕದ ಮ್ಯಾಟಿನ ಮೇಲೆ ಇಡುವಷ್ಟಾದ. ಐದನೆಯ ದಿನ ಪ್ಲೇಟಿನ ಮೇಲೆಯೇ ಇಟ್ಟು ಕಾಯುವುದನ್ನು ಕಲಿತ. ಏಳನೆಯ ದಿನ ಒಂದು ನಾಯಿ ಎರಡು ಬಸ್ಸುಗಳ ನಡುವಿನಿಂದ ಹಾರಿದಾಗ ಒಂದೇ ಒಂದು ಸಲ ತುಳಿದ. ಪ್ರಣತಿ ತಾನಾಗಿಯೇ “ಇದು ನಿಂದ ಖರೆ, ನನಗ ಕಂಡಿರಲಿಲ್ಲ” ಎಂದಳು. ಜುಲೈ ಒಂಬತ್ತರಂದು ನಲವತ್ತನೆಯ ಗಂಟೆ ಮುಗಿದಾಗ ಲೆಕ್ಕ ಹನ್ನೆರಡರಲ್ಲಿ ನಿಂತಿತ್ತು. ಫಕೀರಪ್ಪ ಉಣಕಲ್ ಕೆರೆಯ ದಂಡೆಯಲ್ಲಿ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಮಾಡಿದ. ಪ್ರಣತಿ ಕಾಗದ ಕಸಿದುಕೊಂಡು ಎರಡು ಸಲ ಓದಿದಳು, ಅಪ್ಪನ ಬುದ್ಧಿ ಬದಲಾಗುವುದರೊಳಗೆ ಮಡಚಿ ಕಿಸೆಗೆ ಹಾಕಿಕೊಂಡಳು.

ಜಾನೆಟ್ ಲ್ಯಾಪ್‌ಟಾಪ್ ಮುಚ್ಚುತ್ತ ನಿಟ್ಟುಸಿರು ಬಿಟ್ಟರು. “ಒಬ್ಬಳದಾಯಿತು. ಇನ್ನೂ ಐವತ್ತು ಮಂದಿ ಬೇಕು ಮಾಸ್ತರ್ರೆ, ಸೀಟು ಮುಂದೆ ಎಳೆದು ಕೂರುವವರು. ನಾಳೆಗೆ ಯಾರನ್ನು ಕರೆಯೋದು?”

ಹಿಂದಿನ ಬಾಗಿಲು ತೆರೆಯಿತು. ಸುಜಾತಾ ಬುತ್ತಿಯ ಡಬ್ಬಿಯನ್ನು ಮಗಳ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರನ್ನು ಬಳಸಿ ಬಂದು ಓಡಿಸುವವರ ಸೀಟಿನಲ್ಲಿ ಕೂತಳು. ಹದಿನೆಂಟು ವರ್ಷದ ಮೇಲೆ. ಸೀಟಿನ ಕೆಳಗಿನ ಸರಳು ಎಲ್ಲಿದೆಯೆಂದು ಅವಳ ಕೈಗೆ ನೆನಪಿತ್ತು. ಕಟ, ಕಟ, ಕಟ ಎಂದು ಮುಂದಕ್ಕೆಳೆದುಕೊಂಡಳು.

“ನಾಳೆ ಯಾಕ?” ಎಂದಳು. “ಹತ್ರಿ ನೀವು.”

ಫಕೀರಪ್ಪ ಎಡಗಡೆಯ ಸೀಟಿನಲ್ಲಿ ಕೂತ. ಕಾಲನ್ನು ಪ್ಲೇಟಿನ ಮೇಲಿಟ್ಟ. ಸುಜಾತಾ ಕನ್ನಡಿ ಸರಿಮಾಡಿಕೊಂಡು ಗೇರಿನ ಮೇಲೆ ಕೈಯಿಟ್ಟಳು, ಇಟ್ಟವಳು ಅವನ ಕಡೆ ತಿರುಗಿ ಸುಮ್ಮನೆ ನೋಡಿದಳು.

ಅವನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.